ನಡುವೆ ಇಲ್ಲದ ನಡುಚಕ್ರ

ಮಹದೇವಪುರ

ಅಮೆರಿಕಕ್ಕೆ ಹೋಗಿಬಂದವರೆಲ್ಲ ಅಲ್ಲಿನ ಎತ್ತರದ ಕಟ್ಟಡಗಳ ಬಗ್ಗೆ ಹೇಳುತ್ತಾರೆ. ನಾನು ಅಲ್ಲಿ ಕಳೆದ ಅತಿ ಒಳ್ಳೆಯ ದಿನ ಒಂದು ಹಳೆಯ ರೈಲು ಎಂಜಿನ್ನಿನ ಪಕ್ಕದಲ್ಲಿ, ಜಲ್ಲಿಕಲ್ಲಿನ ಮೇಲೆ ಮಂಡಿಯೂರಿ ಕಳೆದದ್ದು. ಆದ್ದರಿಂದ ನನ್ನನ್ನು ಎತ್ತರದ ವಿಷಯ ಕೇಳಬೇಡಿ. ನೆಲದಿಂದ ಮೂರಡಿಯವರೆಗೆ ಏನಿದೆ ಎಂದು ಬೇಕಾದರೆ ಕೇಳಿ, ಹೇಳುತ್ತೇನೆ.

ಇದಕ್ಕೆಲ್ಲ ಕಾರಣ ನನ್ನ ಮಾವ ಮುನಿಸ್ವಾಮಪ್ಪನವರು. ಅವರು ರೈಲ್ವೆಯ ಡೀಸೆಲ್ ಷೆಡ್ಡುಗಳಲ್ಲಿ ಫಿಟ್ಟರ್ ಆಗಿದ್ದವರು. ಅವರ ಕೆಲಸವೆಲ್ಲ ಹಳಿಗಳ ನಡುವಿನ ಗುಂಡಿಗೆ ಇಳಿದು, ಎಂಜಿನ್ನಿನ ಸೊಂಟದಿಂದ ಕೆಳಗೆ: ಚಕ್ರ, ಸ್ಪ್ರಿಂಗು, ಬ್ರೇಕು, ಇವನ್ನೆಲ್ಲ ಹಿಡಿದಿಟ್ಟುಕೊಂಡಿರುವ ದಪ್ಪ ಉಕ್ಕಿನ ಚೌಕಟ್ಟು. ಈ ಇಡೀ ಸಂಸಾರಕ್ಕೆ ರೈಲ್ವೆಯವರು ಬೋಗಿ ಅನ್ನುತ್ತಾರೆ. ನಾವೆಲ್ಲ ಬೋಗಿ ಅನ್ನುವುದು ಕೂತು ಪ್ರಯಾಣ ಮಾಡುವ ಡಬ್ಬಿಗೆ. ಮಾವನ ಎದುರು ಹಾಗೆ ಅಂದುಬಿಟ್ಟರೆ ಮುಗಿಯಿತು.

"ಅದು ಕೋಚು ಕಣಪ್ಪ. ಬೋಗಿ ಅಂದ್ರೆ ಅದರ ಕೆಳಗಿರೋದು. ನೀನು ಕೂತ್ಕೊಳ್ಳೋದು ಬೋಗಿ ಒಳಗಲ್ಲ, ಬೋಗಿ ಮ್ಯಾಲೆ" ಎಂದು ಮದುವೆಯಾದ ಹೊಸದರಲ್ಲೇ ನನಗೆ ಪಾಠ ಹೇಳಿದ್ದರು.

ನಿವೃತ್ತರಾಗಿ ಮಹದೇವಪುರದ ಸ್ವಂತ ಮನೆಗೆ ಬಂದ ಎರಡೇ ವರ್ಷಕ್ಕೆ ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ತೆಗೆಯಿತು. ಮೊದಮೊದಲು ದೂರದ ಹಳಿಯಿಂದ ಬರುವ ಸದ್ದು ಕೇಳಿಯೇ ಎಂಜಿನ್ನು ಹೇಗಿದೆ, ಯಾವ ಚಕ್ರ ಸವೆದಿದೆ ಎಂದು ಹೇಳುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು. ಜಗುಲಿಯ ಮೇಲೆ ಕೂತರೆ ಕೂತೇಬಿಟ್ಟರು. ಊಟ ಹೇಗಿದೆ ಅಂದರೆ ಚೆನ್ನಾಗೈತೆ, ಮೈ ಹೇಗಿದೆ ಅಂದರೆ ಚೆನ್ನಾಗೈತೆ. ಸಾರಿನಲ್ಲಿ ಒಂದು ಹರಳು ಉಪ್ಪು ಹೆಚ್ಚಾದರೆ ಬೀದಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದ ಮನುಷ್ಯ ಇವರೇನಾ ಅನ್ನಿಸುತ್ತಿತ್ತು.

ನಾನು ಪ್ಯಾಟರ್ನ್ ಮೇಕರ್. ಫೌಂಡ್ರಿಯಲ್ಲಿ ಕಬ್ಬಿಣ ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಮಾಡಿಕೊಡಬೇಕು. ಆ ಮರದ ಆಕಾರವನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುತ್ತಾರೆ. ಬಡಗಿ ಎಂದು ಕರೆದರೆ ನನಗೆ ಸಿಟ್ಟು ಬರುತ್ತದೆ, ಆದರೂ ಎಲ್ಲರೂ ಹಾಗೇ ಕರೆಯುತ್ತಾರೆ. ಮನೆ ರಾಜಗೋಪಾಲನಗರ, ವರ್ಕ್‌ಷಾಪು ಪೀಣ್ಯ. ಮಾವನಿಗೆ ಕಣ್ಣಿಲ್ಲದಿದ್ದರೇನು, ಕೈ ಇದೆಯಲ್ಲ ಎಂದುಕೊಂಡು, ಒಂದು ಕ್ಯಾಲೆಂಡರಿನ ಚಿತ್ರ ನೋಡಿ, ಎರಡು ಮೊಳ ಉದ್ದದ ತೇಗದ ಡೀಸೆಲ್ ಎಂಜಿನ್ನು ಮಾಡಿದೆ. ಚಿತ್ರದಲ್ಲಿ ಚಕ್ರದ ಭಾಗವೆಲ್ಲ ಕಪ್ಪು ನೆರಳು. ನಮ್ಮ ಕೆಲಸದಲ್ಲಿ ಅರ್ಧ ಮಾಡಿ ಉಳಿದರ್ಧವನ್ನು ಅದರಂತೆಯೇ ತಿರುಗಿಸಿ ಕೂರಿಸುವುದು ವಾಡಿಕೆ. ಬೋಗಿಯನ್ನೂ ಹಾಗೇ ಮಾಡಿದೆ. ಮೂರು ಚಕ್ರ, ನಡುವಿನದು ನಟ್ಟನಡುವೆ.

ಒಂದು ಭಾನುವಾರ ತೆಗೆದುಕೊಂಡು ಹೋಗಿ ಮಾವನ ತೊಡೆಯ ಮೇಲಿಟ್ಟೆ. ಬೆರಳು ಛಾವಣಿಯ ಮೇಲೆ ಬೇಗಬೇಗ ಓಡಿತು, ಕೆಳಗಿಳಿದು ಬೋಗಿಗೆ ಬಂತು, ನಡುವಿನ ಚಕ್ರದ ಹತ್ತಿರ ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ಬಂತು.

"ಚೆನ್ನಾಗೈತೆ ಕಣಪ್ಪ" ಅಂದರು. ಎಂಜಿನ್ನನ್ನು ಪಕ್ಕಕ್ಕಿಟ್ಟು ಹೆಗಲ ಟವೆಲ್ಲು ಸರಿಮಾಡಿಕೊಂಡರು.

"ಏನಾದ್ರೂ ತಪ್ಪಿದ್ಯಾ ಮಾವ?"

"ತಪ್ಪೇನು ಬಂತು. ಆಟದ ಸಾಮಾನಲ್ವಾ."

ವಾಪಸು ಬರುತ್ತಾ ನನ್ನ ಹೆಂಡತಿ ಸರೋಜ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಇಳಿಯುವಾಗ ಅಂದಳು: "ಅಪ್ಪ ಚೆನ್ನಾಗೈತೆ ಅಂದ್ರೆ ಅದರ ಕಡೆ ಇನ್ನು ತಿರುಗಿ ನೋಡಲ್ಲ ಅಂತ ಅರ್ಥ ಕಣ್ರೀ. ಮನಸ್ಸಿಗೆ ಹಿಡಿಸಿದ್ರೆ ಬೈತಿದ್ರು. ನಂಗೆ ಇನ್ನೇನೂ ಬೇಡ, ಅಪ್ಪ ಇನ್ನೊಂದ್ಸಲ ಬೈಯೋದು ಕೇಳ್ಬೇಕು."

ವೈಟ್‌ಫೀಲ್ಡ್

ನಡುವಿನ ಚಕ್ರದಲ್ಲಿ ಏನೋ ಎಡವಟ್ಟಿದೆ ಎಂದಷ್ಟೇ ನನಗೆ ಗೊತ್ತಿತ್ತು. ನೋಡಿಬಿಡೋಣ ಎಂದು ವೈಟ್‌ಫೀಲ್ಡ್ ಸ್ಟೇಷನ್ನಿಗೆ ಹೋದೆ. ಎಂಜಿನ್ನು ಬಂತು, ನಿಂತಿತು, ಬೋಗಿಯೆಲ್ಲ ಪ್ಲಾಟ್‌ಫಾರಂ ಕೆಳಗೆ ಮುಚ್ಚಿಹೋಯಿತು. ನಲವತ್ತು ವರ್ಷ ರೈಲಿನಲ್ಲಿ ಓಡಾಡಿದವನಿಗೆ ಇದು ಅಂದೇ ಹೊಳೆದದ್ದು. ಮುಂದಿನ ವಾರ ಸಿಗ್ನಲ್ಲಿನ ಹತ್ತಿರ ನಿಂತಿದ್ದ ಗೂಡ್ಸ್ ಗಾಡಿಯ ಎಂಜಿನ್ನಿಗೆ ಟೇಪು ಹಿಡಿದುಕೊಂಡು ಹೋದೆ. ಬಗ್ಗುವಷ್ಟರಲ್ಲಿ ರೈಲ್ವೆ ಪೊಲೀಸಪ್ಪ ಬಂದ.

"ಏನ್ ಅಳೀತಿದೀರಾ ಸಾರ್?"

"ಬೋಗಿ."

"ಬೋಗಿ ಇಂದಕ್ಕೈತೆ. ಇದು ಇಂಜಿನ್ನು."

ಅವನಿಗೆ ಮಾವ ಹೇಳಿದ ಪಾಠವನ್ನೆಲ್ಲ ಹೇಳಿದೆ. ಅದರಿಂದ ನನ್ನ ಮೇಲೆ ಅನುಮಾನ ಜಾಸ್ತಿಯಾಯಿತು. ಒಂದು ಗಂಟೆ ಬೆಂಚಿನ ಮೇಲೆ ಕೂರಿಸಿ, ಟೇಪು ಇಟ್ಟುಕೊಂಡು ಕಳಿಸಿದ. ಷೆಡ್ಡಿಗೆ ಅರ್ಜಿ ಬರೆದೆ. ಹೊರಗಿನವರಿಗೆ ಪ್ರವೇಶವಿಲ್ಲ ಎಂದು ಉತ್ತರ ಬಂತು.

ಇದೇ ಸಮಯಕ್ಕೆ, ನಾನು ಪ್ಯಾಟರ್ನ್ ಮಾಡಿಕೊಡುತ್ತಿದ್ದ ಪೀಣ್ಯದ ಯಂತ್ರದ ಕಂಪನಿಯವರು, ಮರದ ಬದಲು ರಾಳದಿಂದ ಪ್ಯಾಟರ್ನ್ ಎರೆಯುವುದನ್ನು ಕಲಿತು ಬಾ ಎಂದು ನನ್ನನ್ನು ಮೂರು ವಾರ ಅಮೆರಿಕಕ್ಕೆ ಕಳಿಸುವುದಾಗಿ ಹೇಳಿದರು. ಊರು ಯಾವುದೆಂದು ನಕ್ಷೆಯಲ್ಲಿ ತೋರಿಸಿದಾಗ ನಾನು ಬಗ್ಗಿ ಸುತ್ತಲಿನ ಹೆಸರುಗಳನ್ನೆಲ್ಲ ಓದಿದೆ. ಅಲ್ಲಿಂದ ಎರಡು ಗಂಟೆಯ ಕಾರಿನ ದಾರಿಯಲ್ಲಿ ಇನ್ನೊಂದು ಊರಿತ್ತು. ಮಾವ ಕೆಲಸ ಮಾಡಿದ ಮೊದಲ ಎಂಜಿನ್ನುಗಳು ಹಡಗಿನಲ್ಲಿ ಬಂದವು. ಅವುಗಳ ಹಿತ್ತಾಳೆ ಫಲಕದ ಮೇಲೆ ಆ ಊರಿನ ಹೆಸರಿತ್ತಂತೆ. ಅದನ್ನು ಅವರು ಅಕ್ಷರ ಅಕ್ಷರವಾಗಿ ನನಗೆ ಹೇಳಿದ್ದರು. ಆ ಹೆಸರನ್ನು ನಾನು ಇಂದಿಗೂ ನೆಟ್ಟಗೆ ಉಚ್ಚರಿಸಲಾರೆ.

ಹೊರಡುವ ಮುನ್ನ ಮಾವನಿಗೆ ಹೇಳಿದೆ. "ಚೆನ್ನಾಗಾಯ್ತು" ಅಂದರು.

ಜೆರ್ರಿಯ ಊರು

ಅಲ್ಲಿನ ಪ್ಯಾಟರ್ನ್ ಷಾಪಿನ ಫೋರ್‌ಮನ್ ಜೆರ್ರಿ ನನ್ನನ್ನು ತನ್ನ ಮನೆಯಲ್ಲೇ ಇಳಿಸಿಕೊಂಡ. ಐವತ್ತರ ಆಸುಪಾಸಿನ ದಪ್ಪ ಮನುಷ್ಯ, ನಗುವಾಗ ಭುಜ ಕುಣಿಯುತ್ತಿತ್ತು. ಆ ಬೀದಿಯಲ್ಲಿ ನನಗೆ ಮೊದಲು ಕಂಡದ್ದು ಯಾವ ಮನೆಗೂ ಕಾಂಪೌಂಡ್ ಇಲ್ಲದ್ದು. ನಿನ್ನ ಜಾಗ ಎಲ್ಲಿ ಮುಗಿಯುತ್ತದೆ ಎಂದು ಕೇಳಿದರೆ ಜೆರ್ರಿ ಹುಲ್ಲಿನ ಮೇಲೆ ಎಲ್ಲೋ ಕೈ ತೋರಿಸಿದ. ನಮ್ಮ ರಾಜಗೋಪಾಲನಗರದಲ್ಲಿ ಗೋಡೆ ನಾಲ್ಕು ಬೆರಳು ಈಚೆ ಬಂದಿದೆ ಎಂದು ಎರಡು ಮನೆಯವರು ಆರು ವರ್ಷದಿಂದ ಮಾತು ಬಿಟ್ಟಿದ್ದಾರೆ. ಇವರಿಗೆ ಜಗಳಕ್ಕೆ ಗೋಡೆಯೇ ಇಲ್ಲ.

ಅವನ ಷಾಪಿನಲ್ಲಿ ಗೋಡೆಯ ತುಂಬ ಹಲಗೆ, ಹಲಗೆಯ ಮೇಲೆ ಪ್ರತಿಯೊಂದು ಉಳಿಯ, ಸುತ್ತಿಗೆಯ ಆಕಾರವನ್ನು ಬಣ್ಣದಲ್ಲಿ ಬರೆದಿದ್ದರು. ಸಾಮಾನು ಇಲ್ಲದಿದ್ದರೆ ಅದರ ನೆರಳು ಮಾತ್ರ ಅಲ್ಲಿರುತ್ತದೆ, ಯಾವುದು ಕಳೆದಿದೆ ಎಂದು ತಕ್ಷಣ ಗೊತ್ತಾಗುತ್ತದೆ. ನನ್ನ ಷಾಪಿನಲ್ಲಿ ಎಲ್ಲ ಒಂದು ಗೋಣಿಚೀಲದಲ್ಲಿ ಇರುತ್ತದೆ, ಯಾವುದೂ ಕಳೆದಿಲ್ಲ ಎಂದು ನಂಬಿಕೊಂಡಿರುತ್ತೇವೆ. ಅವರು ಮರದ ಹೊಟ್ಟನ್ನು ದೊಡ್ಡ ಕೊಳವೆಯಿಂದ ಹೀರಿ ಬಿಸಾಡುತ್ತಿದ್ದರು. ಇಷ್ಟು ಹೊಟ್ಟಿಗೆ ನಮ್ಮೂರಲ್ಲಿ ಒಲೆ ಉರಿಸಲು ಬೇಕೆಂದು ಹೋಟೆಲಿನವರು ಕೈಗಾಡಿ ತಂದು ಕ್ಯೂ ನಿಲ್ಲುತ್ತಾರೆ ಎಂದರೆ ಜೆರ್ರಿ ನಂಬಲೇ ಇಲ್ಲ. ರಾಳ ಎರೆಯುವುದು ಚೆನ್ನಾಗಿಯೇ ಕಲಿತೆ, ಆದರೆ ಅದರ ವಾಸನೆಗೆ ಮೂರು ದಿನ ಊಟ ಸೇರಲಿಲ್ಲ. ಸರೋಜ ಕಟ್ಟಿಕೊಟ್ಟಿದ್ದ ಹುರಿಹಿಟ್ಟು ನನ್ನನ್ನು ಕಾಪಾಡಿತು.

ಮೊದಲ ಸಂಜೆಯೇ ಜೆರ್ರಿಗೆ ಹೇಳಿದ್ದೆ: ನನಗೆ ಡೀಸೆಲ್ ಎಂಜಿನ್ನಿನ ಬೋಗಿ ನೋಡಬೇಕು. ಅವನು ಆ ಪದವನ್ನು ಎರಡು ಸಲ ಬಾಯಲ್ಲಿ ಹೊರಳಿಸಿ, ಮಕ್ಕಳನ್ನು ಹೆದರಿಸುವ ಗುಮ್ಮನಿಗೆ ನಮ್ಮಲ್ಲಿ ಹಾಗನ್ನುತ್ತಾರೆ ಅಂದ. ವಿಚಾರಿಸುತ್ತೇನೆ ಎಂದೂ ಅಂದ.

ಕೆರೆಯ ದಂಡೆಯಲ್ಲಿ ವ್ಯರ್ಥವಾದ ಭಾನುವಾರ

ನಾಲ್ಕನೆಯ ದಿನ ಜೆರ್ರಿ ಬಹಳ ಖುಷಿಯಾಗಿ ಬಂದ. "ಸಿಕ್ಕಿತು! ಈ ಭಾನುವಾರ ನಿನ್ನನ್ನು ಟ್ರಕ್ ನೋಡಲು ಕರೆದುಕೊಂಡು ಹೋಗುತ್ತೇನೆ."

ಟ್ರಕ್ ಅಂದರೆ ಲಾರಿ. ನನಗೆ ಲಾರಿ ಯಾಕೆ? ಪೀಣ್ಯದಲ್ಲಿ ಬೆಳಗಿನಿಂದ ಸಂಜೆವರೆಗೆ ನನ್ನ ಷಾಪಿನ ಬಾಗಿಲಿಗೆ ಅಡ್ಡ ನಿಲ್ಲುವುದು ಅದೇ. ಆದರೆ ಅನ್ನ ಹಾಕುವ ಮನೆಯವನ ಮನಸ್ಸು ನೋಯಿಸಬಾರದಲ್ಲ. "ಬೇಡ ಜೆರ್ರಿ, ಟ್ರಕ್ ನಮ್ಮಲ್ಲಿ ಬೇಕಾದಷ್ಟಿವೆ" ಎಂದು ನಯವಾಗಿ ಅಂದೆ. ಅವನ ಮುಖ ಚಿಕ್ಕದಾಯಿತು. "ಹಾಗಾದರೆ ಕೆರೆಗೆ ಹೋಗೋಣ" ಅಂದ. ಹೋದೆವು. ಅವನು ಮೀನಿಗೆ ಗಾಳ ಹಾಕಿ ಕೂತ. ಹಿಡಿದ ಮೀನನ್ನು ಬಿಡಿಸಿ ಮತ್ತೆ ನೀರಿಗೇ ಬಿಟ್ಟ! ಆರು ಮೀನು ಹಿಡಿದು ಆರನ್ನೂ ಬಿಟ್ಟ. ಮನೆಗೆ ಬಂದು ಬ್ರೆಡ್ಡು ತಿಂದೆವು.

ಎರಡನೆಯ ವಾರವೂ ಕೇಳಿದ, ಇನ್ನೂ ಮೆಲ್ಲಗೆ: "ಟ್ರಕ್?" ನಾನು ಕೈ ಮುಗಿದು ಬೇಡವೆಂದೆ. ಆ ಭಾನುವಾರವೂ ಕೆರೆಗೆ ಹೋಯಿತು. ನನಗೆ ಒಳಗೊಳಗೇ ಸಿಟ್ಟು. ಬೋಗಿ ತೋರಿಸು ಎಂದರೆ ಲಾರಿ ಲಾರಿ ಅನ್ನುತ್ತಾನಲ್ಲ, ಇವನಿಗೇನು ಕಿವಿ ಮಂದವೇ? ಅವನಿಗೂ ನನ್ನ ಮೇಲೆ ಅಷ್ಟೇ ಸಿಟ್ಟಿತ್ತೆಂದು ಆಮೇಲೆ ಗೊತ್ತಾಯಿತು.

ಉಳಿದದ್ದು ಒಂದೇ ಭಾನುವಾರ. ಶುಕ್ರವಾರ ಷಾಪಿನಲ್ಲಿ ತಡೆಯಲಾರದೆ ಒಂದು ತುಂಡು ಹಲಗೆ ತೆಗೆದುಕೊಂಡು ಪೆನ್ಸಿಲಿನಿಂದ ಬರೆದೆ: ಮೂರು ಚಕ್ರ, ಸ್ಪ್ರಿಂಗು, ಚೌಕಟ್ಟು, ಮೇಲೆ ಎಂಜಿನ್ನು. "ಇದು. ಇದು ಬೇಕು ನನಗೆ."

ಜೆರ್ರಿ ಹಲಗೆ ನೋಡಿದ, ನನ್ನನ್ನು ನೋಡಿದ, ಅಂಗೈಯಿಂದ ಹಣೆ ಚಚ್ಚಿಕೊಂಡ. "ಟ್ರಕ್! ಎರಡು ವಾರದಿಂದ ನಾನು ಹೇಳುತ್ತಿರುವುದು ಇದನ್ನೇ!"

ಅವರ ಭಾಷೆಯಲ್ಲಿ ಬೋಗಿಗೆ ಟ್ರಕ್ ಅಂತಲೇ ಹೆಸರಂತೆ. ನಮ್ಮ ಪೊಲೀಸಪ್ಪನಿಗೆ ಬೋಗಿ ಅಂದರೆ ಡಬ್ಬಿ, ನನಗೆ ಟ್ರಕ್ ಅಂದರೆ ಲಾರಿ. ಆ ಪೊಲೀಸಪ್ಪನ ಮೇಲಿದ್ದ ನನ್ನ ಕೋಪ ಅವತ್ತು ಇಳಿಯಿತು.

ಹಳಿ ಮುಗಿಯುವ ಜಾಗ

ಎಂಜಿನ್ನು ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ ವರ್ಷಗಳಾಗಿದ್ದವು. ಆ ಊರಿನವರೇ ಒಂದಷ್ಟು ಜನ ಸೇರಿ, ಹಳೆಯ ಎಂಜಿನ್ನೊಂದನ್ನು ಹಳಿ ಮುಗಿಯುವ ಒಂದು ಬಯಲಿನಲ್ಲಿ ನಿಲ್ಲಿಸಿಕೊಂಡು, ರಜೆಯ ದಿನ ಬಂದು ಬಣ್ಣ ಬಳಿಯುತ್ತಿದ್ದರು. ದೂರದಿಂದಲೇ ನನಗೆ ಗುರುತು ಸಿಕ್ಕಿತು. ಬಣ್ಣ ಬೇರೆ, ಹಳಿಯ ಅಗಲ ನಮ್ಮದಕ್ಕಿಂತ ಕಡಿಮೆ, ಆದರೆ ಪಕ್ಕದಿಂದ ನೋಡಿದರೆ ವೈಟ್‌ಫೀಲ್ಡಿನಲ್ಲಿ ನೋಡಿದ ಅದೇ ಮೋರೆ. ಪ್ಲಾಟ್‌ಫಾರಂ ಇಲ್ಲ, ಪೊಲೀಸಿಲ್ಲ. ಅಳೆಯಲೇ ಎಂದು ಕೇಳಿದರೆ, ಬಣ್ಣದ ಬ್ರಷ್ಷು ಹಿಡಿದವನೊಬ್ಬ ಧಾರಾಳವಾಗಿ ಅಳೆ ಎಂದು ಕಾಫಿ ತಂದುಕೊಟ್ಟ. ಯಾಕೆ ಅಳೆಯುತ್ತೀಯ ಎಂದು ಒಬ್ಬರೂ ಕೇಳಲಿಲ್ಲ. ಸ್ವಲ್ಪ ಬೇಜಾರೇ ಆಯಿತು, ಉತ್ತರ ತಯಾರಿಟ್ಟುಕೊಂಡಿದ್ದೆ.

ಮಂಡಿಯೂರಿ ನೋಡಿದೆ. ಒಮ್ಮೆ ನೋಡಿ ಸಾಲದೆ ಇನ್ನೊಮ್ಮೆ ನೋಡಿದೆ. ನಡುವಿನ ಚಕ್ರ ನಡುವೆ ಇರಲಿಲ್ಲ! ಒಂದು ಪಕ್ಕದ ಚಕ್ರಕ್ಕೆ ಹತ್ತಿರ, ಇನ್ನೊಂದಕ್ಕೆ ದೂರ. ಒಳಗೆ ಚಕ್ರ ತಿರುಗಿಸುವ ಮೋಟಾರುಗಳಿಗೆ ಜಾಗ ಬೇಕಲ್ಲ, ಅದಕ್ಕೆ. ಎಂಜಿನ್ನಿನ ಇನ್ನೊಂದು ಕೊನೆಗೆ ಓಡಿದೆ. ಅಲ್ಲಿನ ಬೋಗಿಯಲ್ಲೂ ಹಾಗೇ, ಆದರೆ ಮೊದಲನೆಯದಕ್ಕೆ ಎದುರುಬದುರಾಗಿ. ಮಾವನ ಬೆರಳು ಹಿಂದೆ ಮುಂದೆ ಹೋಗಿ ಹುಡುಕಿದ್ದು ಇದನ್ನೇ. ಅರ್ಧ ಮಾಡಿ ತಿರುಗಿಸುವ ನನ್ನ ಅಭ್ಯಾಸಕ್ಕೆ ನಾನೇ ಬೈದುಕೊಂಡೆ. ಆದರೂ ಅಷ್ಟು ಸಂತೋಷ ನನಗೆ ಆ ಪ್ರವಾಸದಲ್ಲಿ ಇನ್ನೆಲ್ಲೂ ಆಗಲಿಲ್ಲ.

ಜೇಬಿನಿಂದ ಸ್ಕೇಲು ತೆಗೆದೆ. ಒಂದಡಿಯ ಉಕ್ಕಿನ ಪಟ್ಟಿ, ಇಪ್ಪತ್ತು ವರ್ಷದಿಂದ ನನ್ನ ಎದೆಯ ಜೇಬಿನಲ್ಲೇ ಇರುವಂಥದ್ದು. ಅದನ್ನು ಸಾಲಾಗಿ ಇಟ್ಟು ಇಟ್ಟು, ಗುರುತು ಹಾಕಿ ಹಾಕಿ, ಮಧ್ಯಾಹ್ನದವರೆಗೆ ನಲವತ್ತು ಪುಟ ತುಂಬಿಸಿದೆ.

ಮಡಚುವ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ ಒಬ್ಬ ಮುದುಕ ಆಗ ಎದ್ದು ಬಂದ. ಹೆಸರು ವಾಲ್ಟರ್. ಆ ಕಾರ್ಖಾನೆಯ ಪ್ಯಾಟರ್ನ್ ಷಾಪಿನಲ್ಲೇ ಆಯಸ್ಸು ಕಳೆದವನು, ಈ ಚೌಕಟ್ಟಿನ ಪ್ಯಾಟರ್ನಿಗೂ ಕೈ ಹಚ್ಚಿದವನು. ನನ್ನ ಪುಸ್ತಕ ನೋಡಿ, ಮೊದಲ ಚಕ್ರದಿಂದ ಕೊನೆಯ ಚಕ್ರಕ್ಕೆ ಒಂದೂವರೆ ಇಂಚು ಕಡಿಮೆ ಬರೆದಿದ್ದೀಯ ಅಂದ.

ಸಾಧ್ಯವೇ ಇಲ್ಲ ಅಂದೆ. ಇಪ್ಪತ್ತು ವರ್ಷದಲ್ಲಿ ನಾನು ಕೂದಲೆಳೆಯಷ್ಟು ತಪ್ಪಿದವನಲ್ಲ, ನಿಮಗೆ ಮರೆತಿರಬೇಕು ಅಂದೆ. ಪ್ಯಾಟರ್ನ್ ಮಾಡಿದವನಿಗೇ ಹೀಗಂದೆ ನೋಡಿ, ನನ್ನ ಜಂಬ! ಜೆರ್ರಿ ಮುಖ ಆ ಕಡೆ ತಿರುಗಿಸಿಕೊಂಡ.

ವಾಲ್ಟರ್ ಕೈ ಚಾಚಿದ. "ಸ್ಕೇಲು ಕೊಡು."

ಕೊಟ್ಟೆ. ಅದರ ಅಂಚಿನ ಸಣ್ಣ ಅಕ್ಷರ ಓದಿದ. ಆಮೇಲೆ ನಗಲು ಶುರುಮಾಡಿದವನು ಕೆಮ್ಮು ಬರುವವರೆಗೂ ನಿಲ್ಲಿಸಲಿಲ್ಲ. ಆಗ ನನಗೂ ಹೊಳೆಯಿತು.

ಕರಗಿದ ಕಬ್ಬಿಣ ಆರಿದಾಗ ಕುಗ್ಗುತ್ತದೆ. ಅದಕ್ಕೇ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿ ಮಾಡಬೇಕು. ಪ್ರತಿಸಲ ಲೆಕ್ಕ ಹಾಕುವ ಬದಲು ನಮ್ಮ ಸ್ಕೇಲಿನಲ್ಲೇ ಇಂಚನ್ನು ಒಂದಿಷ್ಟು ಉದ್ದ ಮಾಡಿರುತ್ತಾರೆ. ಅಂದರೆ ನನ್ನ ಅಡಿ ಲೋಕದ ಅಡಿಗಿಂತ ದೊಡ್ಡದು. ಪೀಣ್ಯದಲ್ಲಿ ಅದೇ ಸರಿ. ಪೀಣ್ಯ ಬಿಟ್ಟರೆ ಇನ್ನೆಲ್ಲೂ ಸರಿಯಲ್ಲ. ನಾನು ಅದೇ ಸ್ಕೇಲಿನಿಂದ, ಆಗಲೇ ಕುಗ್ಗಿ ಕೂತಿದ್ದ ಉಕ್ಕನ್ನು ಬೆಳಗಿನಿಂದ ಅಳೆಯುತ್ತಿದ್ದೆ.

ವಾಲ್ಟರ್ ತನ್ನ ಕಾರಿನಿಂದ ಒಂದು ಸವೆದ ಪಟ್ಟಿ ತಂದು ನನ್ನದರ ಪಕ್ಕದಲ್ಲಿಟ್ಟ. ಅದು ನನ್ನದಕ್ಕಿಂತಲೂ ಉದ್ದ. ಉಕ್ಕು ಕಬ್ಬಿಣಕ್ಕಿಂತ ಹೆಚ್ಚು ಕುಗ್ಗುತ್ತದೆ, ಅವನದು ಉಕ್ಕಿನ ಸ್ಕೇಲು. ಒಮ್ಮೆ ಇದರಿಂದಲೇ ಅಡುಗೆಮನೆ ಅಳೆದು ಅಂಗಡಿಯಲ್ಲಿ ಕಪಾಟು ಮಾಡಲು ಹೇಳಿದನಂತೆ. ಕಪಾಟು ಬಂದು ಕೂತಾಗ ಪಕ್ಕದಲ್ಲಿ ಸಂದಿ. "ನನ್ನ ಹೆಂಡತಿ ಮೂವತ್ತು ವರ್ಷದಿಂದ ಆ ಸಂದಿಯಲ್ಲಿ ಪೊರಕೆ ಇಡುತ್ತಾಳೆ" ಅಂದ. ನಾನು ನಮ್ಮ ಮನೆಯ ಕಿಟಕಿಯ ಗಾಜಿನ ಕಥೆ ಹೇಳಿದೆ. ಆ ಗಾಜು ಚೌಕಟ್ಟಿನಲ್ಲಿ ಇಂದಿಗೂ ಲಟಲಟ ಅನ್ನುತ್ತದೆ, ಯಾಕೆಂದು ಸರೋಜಳಿಗೆ ಇವತ್ತಿನವರೆಗೂ ಹೇಳಿಲ್ಲ.

ಎಲ್ಲ ಅಳತೆಯೂ ಒಂದೇ ಪ್ರಮಾಣದಲ್ಲಿ ತಪ್ಪಿರುವುದರಿಂದ ನಿನ್ನ ಮಾದರಿಗೆ ಏನೂ ಆಗುವುದಿಲ್ಲ ಎಂದು ವಾಲ್ಟರ್ ಸಮಾಧಾನ ಹೇಳಿದ. ನನ್ನ ಮನಸ್ಸು ಒಪ್ಪಲಿಲ್ಲ. ಅವನು ಸಾದಾ ಟೇಪಿನ ಒಂದು ತುದಿ ಹಿಡಿದ, ಇನ್ನೊಂದು ತುದಿ ನಾನು ಹಿಡಿದೆ, ಮತ್ತೆ ಮೊದಲಿನಿಂದ ಅಳೆದೆವು. ಯಾರಿಗಾಗಿ ಎಂದು ಕೇಳಿದವನು ಅವನೊಬ್ಬನೇ. ಮಾವನ ವಿಷಯ ಹೇಳಿದೆ.

ಅವನು ನನ್ನ ಕೈ ಹಿಡಿದು ಚೌಕಟ್ಟಿನ ಒಳಮೂಲೆಗೆ ಒಯ್ದ. ಹೊರಗಿನಿಂದ ಏನೂ ಕಾಣದ ಜಾಗ. ಬೆರಳಿಗೆ ಮಾತ್ರ ಒಂದು ಆಳವಾದ, ನುಣುಪಾದ ದುಂಡು ಸಿಕ್ಕಿತು. "ಮೂಲೆ ಚೂಪಾಗಿದ್ದರೆ ಎರಕ ಬಿರುಕು ಬಿಡುತ್ತದೆ, ಅದಕ್ಕೆ ಇಲ್ಲಿ ದುಂಡು ಮಾಡಿದೆವು. ಫೋಟೋದಲ್ಲಿ ಕಾಣುವುದಿಲ್ಲ. ನಿನ್ನ ಮಾವನ ಕೈಗೆ ಗೊತ್ತಿರುತ್ತದೆ" ಅಂದ.

ಮತ್ತೆ ಮಹದೇವಪುರ

ಹೊಸ ಬೋಗಿಗಳಿಗೆ ಎರಡು ತಿಂಗಳು ಹಿಡಿಯಿತು. ಈ ಸಲ ಅರ್ಧ ಮಾಡಿ ತಿರುಗಿಸಲಿಲ್ಲ. ನೋಡಿದ್ದನ್ನೆಲ್ಲ ಮಾಡಿದೆ, ನೋಡದ್ದನ್ನು ಮಾಡಲಿಲ್ಲ. ಒಳಮೂಲೆಯ ದುಂಡನ್ನು ಬೆರಳಿನಿಂದಲೇ ಉಜ್ಜಿ ಉಜ್ಜಿ ನಯಮಾಡಿದೆ.

ಭಾನುವಾರ ಬೆಳಿಗ್ಗೆ ಜಗುಲಿಯ ಮೇಲೆ ಮಾವನ ತೊಡೆಯ ಮೇಲಿಟ್ಟೆ. ಸರೋಜ ಒಳಗೆ ಕಾಫಿಗೆ ಇಟ್ಟಿದ್ದಳು, ಆದರೆ ಪಾತ್ರೆಯ ಸದ್ದೇ ಇರಲಿಲ್ಲ. ಬೆರಳು ಬೋಗಿಗೆ ಇಳಿಯಿತು. ಮೊದಲ ಚಕ್ರ, ನಡುವಿನ ಚಕ್ರ. ನಿಂತಿತು. ಮೂರನೆಯದಕ್ಕೆ ಹೋಗಿ ವಾಪಸು ಬಂತು. ಮಾವನ ಕತ್ತು ಒಂದಿಷ್ಟು ಮುಂದಕ್ಕೆ ಬಾಗಿತು. ಹೆಬ್ಬೆರಳು ತಾನಾಗಿಯೇ ಚೌಕಟ್ಟಿನ ಒಳಮೂಲೆಗೆ ಹೋಗಿ ಆ ದುಂಡಿನಲ್ಲಿ ಕೂತಿತು.

"ಇಲ್ಲಿ ಕೈ ಊರ್ಕೊಂಡೇ ನಾನು ಗುಂಡಿಯಿಂದ ಮ್ಯಾಕೆ ಏಳ್ತಿದ್ದಿದ್ದು" ಅಂದರು, ತಮಗೆ ತಾವೇ ಅನ್ನುವಂತೆ.

ಆದರೆ ಬೆರಳು ಅಲ್ಲಿ ನಿಲ್ಲಲಿಲ್ಲ. ಚಕ್ರದ ಮುಂದೆ, ಹಳಿಯ ಹತ್ತಿರ, ಗಾಳಿಯಲ್ಲಿ ಏನನ್ನೋ ತಡಕಿತು. ಇನ್ನೊಂದು ಕೊನೆಗೆ ಹೋಗಿ ಅಲ್ಲೂ ತಡಕಿತು. ಹುಬ್ಬು ಗಂಟಿಕ್ಕಿತು.

"ಮರಳಿನ ಪೈಪೆಲ್ಲಿ?"

"ಯಾವ ಪೈಪು ಮಾವ?"

"ಚಕ್ರದ ಮುಂದೆ ಹಳಿ ಮ್ಯಾಲೆ ಮರಳು ಬಿಡೋ ಪೈಪು!"

"ಅಲ್ಲಿ ಇರ್ಲಿಲ್ಲ ಮಾವ. ನಾನು ನೋಡಿದ್ದು ನಿಂತಿರೋ ಎಂಜಿನ್ನು. ಬಿಚ್ಚಿಬಿಟ್ಟಿರ್ಬೇಕು."

"ಬಿಚ್ಚಿದ್ರಂತೆ, ಇವನು ಅಂಗೇ ಮಾಡ್ಕೊಂಡು ಬಂದ್ನಂತೆ! ಮರಳಿಲ್ದೆ ಘಾಟಿ ಎಂಗೆ ಅತ್ತಿಸ್ತೀಯೋ? ಮಳೆಯಾಗೆ ಚಕ್ರ ಜಾರಿದ್ರೆ ನಿಮ್ಮಪ್ಪ ಬಂದು ಇಂದಿಂದ ತಳ್ತಾನಾ? ಸಾವಿರಾರು ಮೈಲಿ ಓಗಿ ಅರ್ಧ ಗಾಡಿ ನೋಡ್ಕೊಂಡು ಬಂದವ್ನೆ! ಇದನ್ನ ಷೆಡ್ಡಿಂದ ಆಚೆ ಬಿಟ್ಟೋನು ಯಾವನ್ ಕಣೋ?"

ಅಳಿಯ ಎಂದು ಇಷ್ಟು ವರ್ಷ 'ಕಣಪ್ಪ' ಬಿಟ್ಟು ಬೇರೆ ಅನ್ನದವರು 'ಕಣೋ' ಅಂದಿದ್ದರು. ಎದುರು ಮನೆಯವರು ಕಿಟಕಿ ತೆಗೆದು ನೋಡಿದರು. ಮಾವ ಎಂಜಿನ್ನನ್ನು ಪಕ್ಕಕ್ಕಿಡಲಿಲ್ಲ, ತೊಡೆಯ ಮೇಲೆ ಇನ್ನೂ ಹತ್ತಿರಕ್ಕೆ ಎಳೆದುಕೊಂಡರು.

"ಬರ್ಕೋ. ಬ್ರೇಕ್ ಬ್ಲಾಕೂ ಸರಿಯಾಗಿಲ್ಲ. ಮೊದಲು ಪೈಪು, ಎಷ್ಟು ಬಗ್ಗಿರುತ್ತೆ ಅಂತ ಯೋಳ್ತೀನಿ. ಸ್ಕೇಲು ಐತಾ?"

ಜೇಬಿಗೆ ಹೋದ ಕೈಯನ್ನು ಹಿಂದಕ್ಕೆ ತೆಗೆದು, ಚೀಲದಿಂದ ಸಾದಾ ಸ್ಕೇಲು ಹುಡುಕಿದೆ. ಅಡುಗೆಮನೆಯ ಬಾಗಿಲಲ್ಲಿ ಸರೋಜ ನಿಂತಿದ್ದಳು. ಏನಂದ್ರು ಎಂದು ಕಣ್ಣಲ್ಲೇ ಕೇಳಿದಳು, ಬೀದಿಗೆಲ್ಲ ಕೇಳಿದ್ದು ತನಗೆ ಕೇಳಿಸಿಯೇ ಇಲ್ಲವೆನ್ನುವಂತೆ.

"ಚೆನ್ನಾಗಿಲ್ವಂತೆ" ಅಂದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ನಗುತ್ತಾ, ಕಾಫಿ ಸೋಸಲು ಒಳಗೆ ಹೋದಳು.